ಕಿತ್ತಳೆ ಮುಳ್ಳು

"ಸಿಸ್ಟರ್, ಒಂದು ಸಣ್ಣ ಪಟ್ಟಿ ಹಾಕಿ ಕೊಡ್ತೀರಾ? ಕಿತ್ತಳೆ ಗಿಡದ ಮುಳ್ಳು ಚುಚ್ಚಿಬಿಟ್ಟಿದೆ."

2024ರ ಜುಲೈ 18ರ ಬೆಳಿಗ್ಗೆ, ಏಳು ಗಂಟೆಗೆ ಇನ್ನೂ ಐದು ನಿಮಿಷ ಇತ್ತು. ನಮ್ಮ ಆಸ್ಪತ್ರೆಯ ಆಯಾ ಅಕ್ಕ ಟೇಬಲ್ ಎದುರು ಬಂದು ನಿಂತಿದ್ದರು. ಎಡಗೈ ಬೆರಳಿಗೆ ಸೆರಗು ಸುತ್ತಿಕೊಂಡಿದ್ದರು. ಮೂರು ದಿನದಿಂದ ಮಳೆ ಬಿಟ್ಟಿರಲಿಲ್ಲ, ಕ್ಯಾಶುವಾಲ್ಟಿ ಬಾಗಿಲ ತನಕ ಕೆಸರು ಬಂದಿತ್ತು. ನನ್ನ ನೈಟ್ ಡ್ಯೂಟಿ ಮುಗಿಯುವ ಹೊತ್ತು. ಹ್ಯಾಂಡೋವರ್ ಪುಸ್ತಕ ಬರೆಯುತ್ತಿದ್ದವಳು ಪೆನ್ನು ಕೆಳಗಿಟ್ಟು ಸೆರಗು ಬಿಡಿಸಿದೆ.

ಉಂಗುರ ಬೆರಳಿನ ತುದಿಯಲ್ಲಿ ಒಂದೇ ಒಂದು ಚುಕ್ಕೆ. ಸುತ್ತ ಗೀರಿಲ್ಲ, ಚರ್ಮ ಸಿಗಿದಿಲ್ಲ. ಮುಟ್ಟದೇ ಇದ್ದರೂ ರಕ್ತದ ಮಣಿ ಮತ್ತೆ ಮತ್ತೆ ಮೂಡುತ್ತಿತ್ತು. ನಮ್ಮ ಮನೆಯ ಹಿತ್ತಲಲ್ಲೂ ಕಿತ್ತಳೆ ಗಿಡಗಳಿವೆ, ಆ ಮುಳ್ಳಿನ ಗುರುತು ನನಗೆ ಗೊತ್ತು. ಕೈ ಎಳೆದುಕೊಳ್ಳುವಾಗ ಅದು ಗೀರುತ್ತದೆ, ಕೆಲವು ಸಲ ತುದಿ ಮುರಿದು ಒಳಗೇ ಕಪ್ಪಗೆ ಕೂತಿರುತ್ತದೆ. ಅದೂ ಅಲ್ಲದೆ ಅಕ್ಕ ರಾತ್ರಿ ಎಂಟರಿಂದ ಆಸ್ಪತ್ರೆಯ ಒಳಗೇ ಇದ್ದವರು. ಕಿತ್ತಳೆ ಗಿಡ ಎಲ್ಲಿಂದ ಬರಬೇಕು?

"ಅಕ್ಕ, ಸೂಜಿಯಾ?"

ಅವರು ನೆಲ ನೋಡಿದರು.

"ಎಷ್ಟು ಹೊತ್ತಾಯ್ತು?"

"ಕಾಲು ಗಂಟೆ ಆಗಿರಬಹುದು ಸಿಸ್ಟರ್. ಯಾರಿಗೂ ಹೇಳಬೇಡಿ, ಕೆಲಸ ಹೋಗ್ತದೆ."

ಆ ಸುಳ್ಳಿಗೆ ನನಗೆ ಸಿಟ್ಟು ಬರಲಿಲ್ಲ. ಅದೇ ಸುಳ್ಳನ್ನು ನಾನೂ ಒಮ್ಮೆ ಹೇಳಿದ್ದೆ.

2011ರಲ್ಲಿ ನಾನು ಬೇರೆ ಊರಿನ ಒಂದು ಆಸ್ಪತ್ರೆಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ರಕ್ತ ತೆಗೆದ ಸೂಜಿಗೆ ಮತ್ತೆ ಕ್ಯಾಪ್ ಹಾಕಲು ಹೋಗಿ ಹೆಬ್ಬೆರಳಿಗೆ ಚುಚ್ಚಿಕೊಂಡೆ. ಬಳಸಿದ ಸೂಜಿಗೆ ಎರಡು ಕೈಯಲ್ಲಿ ಕ್ಯಾಪ್ ಹಾಕಬಾರದು, ಹಾಗೇ ಡಬ್ಬಿಗೆ ಬಿಡಬೇಕು ಎಂದು ಕಾಲೇಜಿನಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಆದರೆ ವಾರ್ಡಿನಲ್ಲಿ ಎಲ್ಲರೂ ಕ್ಯಾಪ್ ಹಾಕುತ್ತಿದ್ದರು, ನಾನೂ ಹಾಕಿದೆ. ಅದಕ್ಕೆ ಒಂದು ವಾರ ಮೊದಲು ಸೀನಿಯರ್ ಒಬ್ಬರಿಗೆ ಹೀಗೇ ಆಗಿತ್ತು. ಅವರು ಹೋಗಿ ಹೇಳಿದಾಗ ಮೇಲಿನವರು ಎಲ್ಲರೆದುರು ಕೇಳಿದ್ದು ಒಂದೇ ಪ್ರಶ್ನೆ: "ಕಣ್ಣು ಎಲ್ಲಿತ್ತು?" ಆ ಪ್ರಶ್ನೆ ನನ್ನ ಕಿವಿಯಲ್ಲಿತ್ತು. ನಾನು ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಹೆಬ್ಬೆರಳನ್ನು ಹಿಂಡಿದೆ, ಹಿಂಡಿ ಹಿಂಡಿ ರಕ್ತ ತೆಗೆದೆ, ಸ್ಪಿರಿಟ್ ಸುರಿದುಕೊಂಡೆ. ಮಾಡಬಾರದ್ದನ್ನೆಲ್ಲ ಮಾಡಿದೆ. ಹೊರಗೆ ಬಂದಾಗ ಗೆಳತಿ ಏನಾಯ್ತೆಂದು ಕೇಳಿದಳು. ಆಂಪೂಲ್ ಒಡೆಯುವಾಗ ಗಾಜು ತಾಗಿತು ಅಂದೆ.

ಆಮೇಲಿನ ಆರು ತಿಂಗಳು ಹೇಗೆ ಕಳೆಯಿತು ಎಂದು ಈಗ ಬರೆಯಲೂ ಕಷ್ಟವಾಗುತ್ತದೆ. ರಜೆಯಲ್ಲಿ ಮನೆಗೆ ಬಂದರೆ ನನ್ನ ಲೋಟವನ್ನು ಬೇರೆ ಇಟ್ಟುಕೊಳ್ಳುತ್ತಿದ್ದೆ. ಲೋಟದಿಂದ ಎಚ್‌ಐವಿ ಹರಡುವುದಿಲ್ಲ ಎಂದು ಹತ್ತು ಜನಕ್ಕೆ ಹೇಳಿಕೊಡುವವಳು ನಾನು, ಆದರೂ ಇಟ್ಟುಕೊಂಡೆ. ಅಮ್ಮನ ಈಳಿಗೆಮಣೆಯಲ್ಲಿ ತರಕಾರಿ ಹೆಚ್ಚಲು ಹೆದರುತ್ತಿದ್ದೆ. ಯಾಕೆ ಮಗಾ ಬಡವಾಗಿದ್ದೀ ಎಂದು ಅಮ್ಮ ಕೇಳಿದರೆ ನೈಟ್ ಡ್ಯೂಟಿ ಅಂತಿದ್ದೆ. ಕೊನೆಗೆ ಪರಿಚಯದವರು ಯಾರೂ ಸಿಗದ ಊರು ಎಂದು ಮೈಸೂರಿಗೆ ಹೋಗಿ ಪರೀಕ್ಷೆ ಮಾಡಿಸಿಕೊಂಡೆ. ಏನೂ ಇರಲಿಲ್ಲ. ಅಳಲೂ ಆಗಲಿಲ್ಲ, ಬಸ್‌ಸ್ಟ್ಯಾಂಡಿನಲ್ಲಿ ಎರಡು ಬಸ್ ಬಿಟ್ಟು ಸುಮ್ಮನೆ ಕೂತಿದ್ದೆ.

ಆ ಆರು ತಿಂಗಳಲ್ಲಿ ನನ್ನನ್ನು ತಿಂದದ್ದು ವೈರಸ್ ಅಲ್ಲ. ಮೊದಲ ಎರಡು ಗಂಟೆಯೊಳಗೆ ಯಾರಿಗಾದರೂ ಹೇಳಿದ್ದರೆ ಔಷಧಿ ಸಿಗುತ್ತಿತ್ತು ಎಂಬ ತಿಳಿವಳಿಕೆ. ಆ ರೋಗಿಯ ರಕ್ತವನ್ನು ಅದೇ ದಿನ, ಅವರ ಒಪ್ಪಿಗೆ ಪಡೆದು ಪರೀಕ್ಷಿಸಿದ್ದರೆ ಬಹುಶಃ ಸಂಜೆಯೊಳಗೆ ನನ್ನ ಭಯ ಮುಗಿದುಹೋಗುತ್ತಿತ್ತು.

ಅದಕ್ಕೇ ಅಕ್ಕನಿಗೆ ನಾನು ಗ್ಲೌಸ್ ಬಗ್ಗೆ ಕೇಳಲಿಲ್ಲ. ಹೇಗೆ, ಯಾಕೆ, ಎಲ್ಲಿ ನೋಡುತ್ತಿದ್ದಿರಿ ಎಂದು ಯಾವುದನ್ನೂ ಕೇಳಲಿಲ್ಲ. ಕೈ ಹಿಡಿದು ಸಿಂಕಿಗೆ ಕರೆದುಕೊಂಡು ಹೋದೆ.

ನಲ್ಲಿ ಬಿಟ್ಟು, ಸಾಬೂನು ಹಚ್ಚಿ, ಹರಿಯುವ ನೀರಲ್ಲಿ ತೊಳೆದೆವು. ಅಕ್ಕ ಬೆರಳನ್ನು ಹಿಂಡಲು ನೋಡಿದರು, ಬೇಡ ಅಂದೆ. ಹಿಂಡಿದರೆ ಒಳಗಿನ ವೈರಸ್ ಹೊರಗೆ ಬರುವುದಿಲ್ಲ, ಗಾಯದ ಸುತ್ತ ಅಂಗಾಂಶ ಜಜ್ಜಿಹೋಗಿ ಕೆರಳುತ್ತದೆ ಅಷ್ಟೆ. "ಸ್ವಲ್ಪ ಸ್ಪಿರಿಟ್ ಆದ್ರೂ ಹಾಕಿ ಸಿಸ್ಟರ್, ಉರಿದ್ರೆ ಸಮಾಧಾನ" ಅಂದರು. ಅದೂ ಬೇಡ. ಸ್ಪಿರಿಟ್, ಅಯೋಡಿನ್, ಬ್ಲೀಚ್ ಯಾವುದೂ ಬೇಡ, ಬೆರಳನ್ನು ಬಾಯಿಗಂತೂ ಇಡಲೇಬಾರದು. ರಕ್ತ ಕಣ್ಣಿಗೆ ಚಿಮ್ಮಿದ್ದರೆ ಸಾಬೂನನ್ನೂ ತಾಗಿಸದೆ ಬರೀ ನೀರು ಅಥವಾ ಸಲೈನ್ ಹರಿಸಿ ತೊಳೆಯಬೇಕು. ಈ ಕೆಲಸ ಇಷ್ಟು ಸರಳವಾಗಿರುವುದರಿಂದಲೇ ಯಾರಿಗೂ ನಂಬಿಕೆ ಬರುವುದಿಲ್ಲವೇನೋ. ಉರಿಯದ ಔಷಧಿ ಔಷಧಿಯೇ ಅಲ್ಲ ಎಂಬುದು ನಮ್ಮ ಕಡೆ ಹಳೆಯ ನಂಬಿಕೆ.

ತೊಳೆಯುತ್ತಾ ಕೇಳಿಕೊಂಡೆ. ಡ್ರೆಸಿಂಗ್ ರೂಮಿನ ಹಳದಿ ಕವರ್ ಕಟ್ಟುವಾಗ, ಜಾಗ ಆಗಲೆಂದು ಮೇಲಿಂದ ಕೈಯಲ್ಲಿ ಒತ್ತಿದರಂತೆ. ಒಳಗಿಂದ ಚುಚ್ಚಿದೆ.

ಆಸ್ಪತ್ರೆಯ ಕಸದ ಬಣ್ಣಗಳ ಲೆಕ್ಕ ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ರಕ್ತ ಮೆತ್ತಿದ ಹತ್ತಿ, ಗಾಜ್ ಬಟ್ಟೆ ಹಳದಿಗೆ, ಟ್ಯೂಬು, ಡ್ರಿಪ್ ಸೆಟ್ಟು ಕೆಂಪಿಗೆ, ಗಾಜಿನ ಬಾಟಲಿ ನೀಲಿಗೆ ಹೋಗಬೇಕು. ಸೂಜಿ, ಬ್ಲೇಡು ಬಿಳಿ ಡಬ್ಬಿಗೆ. ಬಿಳಿಯದು ಕವರಲ್ಲ, ಚುಚ್ಚಿದರೂ ತೂತಾಗದ ಗಟ್ಟಿ ಡಬ್ಬಿ. ಅದು ಮುಕ್ಕಾಲು ತುಂಬಿದ ಕೂಡಲೇ ಮುಚ್ಚಿ ಹೊಸದು ಇಡಬೇಕು.

ಹಳದಿ ಕವರಿನೊಳಗೆ ಸೂಜಿ ಹೇಗೆ ಹೋಯಿತು? ಹಿಂದಿನ ರಾತ್ರಿ ಹನ್ನೊಂದೂವರೆಗೆ ತಿರುವಿನಲ್ಲಿ ಜೀಪು ಮಗುಚಿ ಇಬ್ಬರು ಬಂದಿದ್ದರು. ಅವರ ಹಿಂದೆಯೇ ಕಾಲಿಗೆ ಕತ್ತಿ ಏಟು ಬಿದ್ದ ತೋಟದ ಕೆಲಸದವರೊಬ್ಬರು. ನಡುವೆ ಎರಡು ಸಲ ಕರೆಂಟು ಹೋಯಿತು. ಎರಡು ಗಂಟೆ ಹೊತ್ತಿಗೆ ಬಿಳಿ ಡಬ್ಬಿ ಕತ್ತಿನ ತನಕ ತುಂಬಿತ್ತು. ಹೊಸ ಡಬ್ಬಿ ಸ್ಟೋರಿನಲ್ಲಿತ್ತು, ಹೋಗಿ ತರಲು ಎರಡು ನಿಮಿಷ ಸಾಕಿತ್ತು. ಆ ಎರಡು ನಿಮಿಷವನ್ನು ನಮ್ಮಲ್ಲಿ ಯಾರೂ ಕೊಡಲಿಲ್ಲ. ಕಿಡ್ನಿ ಟ್ರೇಯಲ್ಲಿದ್ದುದನ್ನು ಒಟ್ಟಿಗೆ ಹಳದಿ ಕವರಿಗೆ ಸುರಿದೆವು. ಸುರಿದೆವು ಎಂದು ಬಹುವಚನ ಬರೆದೆ. ಟ್ರೇಗಳನ್ನು ಖಾಲಿ ಮಾಡಿದವರು ನಾವಿಬ್ಬರು, ಅದರಲ್ಲಿ ಒಬ್ಬಳು ನಾನು. ಅಕ್ಕನ ಬೆರಳಿಗೆ ಹೋದ ಸೂಜಿ ನನ್ನ ಕೈಯಿಂದ ಬಿದ್ದದ್ದೇ ಇರಬಹುದು. ಅದನ್ನು ತಿಳಿಯುವ ದಾರಿಯಿಲ್ಲ, ಆದರೆ ನಾನು ಅದನ್ನು ಬೇರೆಯವರ ಮೇಲೆ ಹಾಕಲಾರೆ.

ಕವರನ್ನು ಇಕ್ಕಳದಲ್ಲಿ ಬಿಡಿಸಿ ನೋಡಿದೆ. ಕಪ್ಪು ಬುಡದ ಸೂಜಿ, ಅಂದರೆ 22 ಗೇಜು. ಬುಡದಲ್ಲಿ ರಕ್ತ ಕಾಣುತ್ತಿತ್ತು. ಹೊಲಿಗೆ ಸೂಜಿ ಆಗಿದ್ದರೆ ಭಯ ಸ್ವಲ್ಪ ಕಡಿಮೆ, ಅದರೊಳಗೆ ಕೊಳವೆ ಇಲ್ಲ. ರಕ್ತ ತೆಗೆಯುವ ಸೂಜಿಯ ಒಳಗೆ ರಕ್ತ ನಿಂತಿರುತ್ತದೆ.

ಇಲ್ಲಿ ಲೆಕ್ಕವನ್ನು ಸರಿಯಾಗಿ ಹೇಳಬೇಕು. ಎಲ್ಲರೂ ಹೆದರುವುದು ಎಚ್‌ಐವಿಗೆ. ಎಚ್‌ಐವಿ ಇರುವವರ ರಕ್ತದ ಸೂಜಿ ಚುಚ್ಚಿದರೂ ಸೋಂಕು ತಗಲುವುದು 1000 ಚುಚ್ಚುಗಳಲ್ಲಿ ಸುಮಾರು 3ರಲ್ಲಿ. ಹೆಪಟೈಟಿಸ್ ಸಿ ಆದರೆ 100ಕ್ಕೆ 2ಕ್ಕಿಂತ ಕಡಿಮೆ. ಆದರೆ ಹೆಪಟೈಟಿಸ್ ಬಿ, ಲಸಿಕೆ ಹಾಕಿಸಿಕೊಳ್ಳದವರಿಗೆ, 100ಕ್ಕೆ 6ರಿಂದ 30ರ ತನಕ. ಒಣಗಿದ ರಕ್ತದಲ್ಲೂ ಆ ವೈರಸ್ ಒಂದು ವಾರ ಜೀವ ಹಿಡಿದಿರುತ್ತದೆ. ನಾವು ಹೆದರಬೇಕಾದದ್ದು ಮೊದಲು ಅದಕ್ಕೆ. ತಡೆಯುವ ಲಸಿಕೆ ಇರುವುದೂ ಅದಕ್ಕೇ.

ಅಕ್ಕನನ್ನು ಕೇಳಿದೆ, ಹೆಪಟೈಟಿಸ್ ಬಿ ಇಂಜೆಕ್ಷನ್ ಮೂರು ಡೋಸ್ ಆಗಿದೆಯಾ?

"ಕೊರೋನಾದ್ದು ಆಗಿದೆ ಸಿಸ್ಟರ್."

ಅಕ್ಕ ಆರು ವರ್ಷದಿಂದ ದಿನಕ್ಕೆರಡು ಸಲ ನಮ್ಮ ಹಳದಿ ಕವರು, ಕೆಂಪು ಕವರು ಹೊರುತ್ತಿದ್ದಾರೆ. ನನಗೆ ಮೂರು ಡೋಸ್ ಆಗಿದೆ. ಡಾಕ್ಟರಿಗೆ ಆಗಿದೆ. ಕಂಪ್ಯೂಟರ್ ಮುಂದೆ ಕೂತು ಬಿಲ್ ಬರೆಯುವ ಹುಡುಗನಿಗೂ ಆಗಿದೆ. ಇವರಿಗೆ ಒಂದೂ ಆಗಿಲ್ಲ, ಯಾಕೆಂದರೆ ಇವರು ಏಜೆನ್ಸಿಯವರು, ಹಾಜರಿ ಪುಸ್ತಕ ಬೇರೆ. ಕಸ ನಿರ್ವಹಿಸುವ ಪ್ರತಿಯೊಬ್ಬರಿಗೂ ಹೆಪಟೈಟಿಸ್ ಬಿ ಮತ್ತು ಧನುರ್ವಾಯು ಲಸಿಕೆ ಹಾಕಿಸಬೇಕು ಎಂದು ಅದೇ 2016ರ ನಿಯಮ ಹೇಳುತ್ತದೆ. ಆ ನಿಯಮದ ಬಣ್ಣದ ಪಟ್ಟಿಯನ್ನು ನಾವು ಗೋಡೆಗೆ ಅಂಟಿಸಿದ್ದೆವು. ಲಸಿಕೆಯ ಸಾಲು ಆ ಪಟ್ಟಿಯಲ್ಲಿರಲಿಲ್ಲ.

ಅಷ್ಟರಲ್ಲಿ ಸೂಪರಿಂಟೆಂಡೆಂಟ್ ಮೇಡಂ ಬಂದರು. ಒಳ್ಳೆಯವರು, ಮೂವತ್ತು ವರ್ಷ ಇದೇ ಕೆಲಸ ಮಾಡಿದವರು. ಆದರೂ ಅವರ ಬಾಯಿಂದ ಮೊದಲು ಬಂದದ್ದು "ಗ್ಲೌಸ್ ಹಾಕಿರಲಿಲ್ವಾ?" ಎಂಬ ಮಾತೇ. ಅಕ್ಕ ಹಾಕಿದ್ದರು. ನಾವು ರೋಗಿಯನ್ನು ಮುಟ್ಟುವಾಗ ಹಾಕುವ ತೆಳು ಗ್ಲೌಸು, ಸೂಜಿಗೆ ಅದು ಯಾವ ಲೆಕ್ಕ? ಕಸ ಎತ್ತುವವರಿಗೆ ದಪ್ಪ ರಬ್ಬರಿನದು ಕೊಡಬೇಕು. ಅದನ್ನೆಲ್ಲ ಆಗ ಹೇಳಲು ಹೋಗಲಿಲ್ಲ.

"ಮೇಡಂ, ಅದು ಆಮೇಲೆ. ಚುಚ್ಚಿದ್ದು 6:40ಕ್ಕೆ. ಈಗ 7:20."

ಮೇಡಂ ಗಡಿಯಾರ ನೋಡಿದರು. ಮತ್ತೆ ಒಂದು ಮಾತೂ ಆಡಲಿಲ್ಲ, ಫೋನ್ ತೆಗೆದರು.

ಎಚ್‌ಐವಿ ತಡೆಯುವ ಔಷಧಿಗೆ ನಾವು ಪೆಪ್ ಅನ್ನುತ್ತೇವೆ. ಸಾಧ್ಯವಾದರೆ ಎರಡು ಗಂಟೆಯೊಳಗೆ ಮೊದಲ ಡೋಸ್ ಹೊಟ್ಟೆಗೆ ಹೋಗಬೇಕು, ತಡವೆಂದರೆ 72 ಗಂಟೆ, ಅದು ದಾಟಿದರೆ ಪ್ರಯೋಜನವಿಲ್ಲ. ವೈರಸ್ ಚರ್ಮದ ಹತ್ತಿರದ ಜೀವಕೋಶಗಳಿಂದ ದುಗ್ಧ ಗ್ರಂಥಿಗಳಿಗೆ ಹೋಗಿ ಬೇರೂರುವ ಮೊದಲೇ ಅದು ಹೆಚ್ಚದಂತೆ ತಡೆಯಬೇಕು, ಆತುರ ಅದಕ್ಕೇ. ಈಗ ಕೊಡುವುದು ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಸೇರಿದ ಒಂದೇ ಮಾತ್ರೆ, ದಿನಕ್ಕೊಂದು, 28 ದಿನ. ಯಾರ ರಕ್ತ, ಅವರಿಗೆ ಏನಿದೆ ಎಂದು ತಿಳಿಯುವ ತನಕ ಕಾಯುವಂತಿಲ್ಲ. ಮೊದಲ ಡೋಸ್ ಕೊಟ್ಟು ಆಮೇಲೆ ವಿಚಾರಿಸಬೇಕು. ಬೇಡವೆಂದು ಗೊತ್ತಾದರೆ ನಿಲ್ಲಿಸಬಹುದು.

ನಮ್ಮಲ್ಲಿ ಮಾತ್ರೆ ಇತ್ತು. ಇದ್ದದ್ದು ಫಾರ್ಮಸಿಯ ಬೀರುವಿನಲ್ಲಿ, ಬೀಗದ ಕೈ ಫಾರ್ಮಸಿಸ್ಟ್ ಜೇಬಿನಲ್ಲಿ, ಫಾರ್ಮಸಿಸ್ಟ್ ಬರುವುದು ಒಂಬತ್ತಕ್ಕೆ. ಮೇಡಂ ಫೋನ್ ಮಾಡಿದ ಕೂಡಲೇ ಆ ಹುಡುಗ ಹಾಸಿಗೆಯಿಂದ ಎದ್ದು, ರೇನ್‌ಕೋಟ್ ಕೂಡ ಹಾಕದೆ ಸ್ಕೂಟರಿನಲ್ಲಿ ಬಂದ. ಅವನ ತಲೆಯಿಂದ ನೀರು ಬೀರುವಿನ ಮೇಲೆ ಸುರಿಯುತ್ತಿತ್ತು. ಡ್ಯೂಟಿ ಡಾಕ್ಟರು ಬರೆದರು, ಮುಂದಿನ ಪರೀಕ್ಷೆಗಳ ಜೊತೆ ಹೋಲಿಸಲೆಂದು ಅಕ್ಕನ ರಕ್ತ ತೆಗೆದೆ, ಕ್ಯಾಂಟೀನಿನಿಂದ ಇಡ್ಲಿ ತರಿಸಿ ತಿನ್ನಿಸಿ ಮಾತ್ರೆ ಕೊಟ್ಟೆ. ಆಗ 8:10. ಚುಚ್ಚಿ ಒಂದೂವರೆ ಗಂಟೆ.

ಇವತ್ತು ಆ ಮಾತ್ರೆಯ ಮೊದಲ ಡೋಸುಗಳು ಕ್ಯಾಶುವಾಲ್ಟಿಯಲ್ಲೇ ಇವೆ, ಬೀಗವಿಲ್ಲದ ಡ್ರಾಯರಿನಲ್ಲಿ. ಮಡಿಕೇರಿಯಲ್ಲಿ ಸಿಗುತ್ತದಲ್ಲ ಎಂದು ಮೀಟಿಂಗಿನಲ್ಲಿ ಒಬ್ಬರು ಅಂದರು. ಸಿಗುತ್ತದೆ. ಆದರೆ ಜುಲೈ ತಿಂಗಳಲ್ಲಿ ಮಾದಾಪುರ, ಹಟ್ಟಿಹೊಳೆ, ಮಕ್ಕಂದೂರು ದಾಟಿ ಹೋಗುವ ಆ ದಾರಿಯಲ್ಲಿ ಒಂದು ಮರ ಬಿದ್ದರೆ ಎರಡು ಗಂಟೆ ಅಲ್ಲೇ ಹೋಯಿತು. 2018ರ ಆಗಸ್ಟಿನಲ್ಲಿ ಗುಡ್ಡವೇ ಜರಿದು ಬಂದದ್ದನ್ನು ನೋಡಿದವರು ನಾವು. ಕೊಡಗಿನಲ್ಲಿ ಔಷಧಿ ಎಲ್ಲಿದೆ ಎಂದು ಕೇಳಿದರೆ ಸಾಲದು, ಮಳೆಗಾಲದಲ್ಲಿ ಎಲ್ಲಿದೆ ಎಂದು ಕೇಳಬೇಕು.

ಆಮೇಲೆ ಹೆಪಟೈಟಿಸ್ ಬಿ. ಲಸಿಕೆಯ ಮೊದಲ ಡೋಸನ್ನು ಆಗಲೇ ತೋಳಿಗೆ ಹಾಕಿದೆವು. ಜೊತೆಗೆ ಇಮ್ಯುನೊಗ್ಲಾಬ್ಯುಲಿನ್ ಬೇಕು ಎಂದು ಡಾಕ್ಟರು ಹೇಳಿದರು. ಲಸಿಕೆ ನಮ್ಮ ದೇಹಕ್ಕೆ ಪ್ರತಿಕಾಯ ತಯಾರಿಸಲು ಕಲಿಸುತ್ತದೆ, ಅದಕ್ಕೆ ದಿನ ಹಿಡಿಯುತ್ತದೆ. ಇದು ಸಿದ್ಧವಾದ ಪ್ರತಿಕಾಯ, ಆ ನಡುವಿನ ದಿನಗಳನ್ನು ಕಾಯುತ್ತದೆ. 24 ಗಂಟೆಯೊಳಗೆ ಕೊಟ್ಟರೆ ಉತ್ತಮ. ದುಬಾರಿ, ನಮ್ಮ ಕಡೆ ಯಾರೂ ಇಟ್ಟಿರಲಿಲ್ಲ. ಮೈಸೂರಿನಲ್ಲಿ ಸಿಕ್ಕಿತು. ಮಂಜುಗಡ್ಡೆ ಹಾಕಿದ ಥರ್ಮಾಕೋಲ್ ಡಬ್ಬಿಯಲ್ಲಿ ಸಂಜೆ ಬಸ್ಸಿಗೆ ಹಾಕಿಸಿದೆವು. ಕಂಡಕ್ಟರ್ ಡಬ್ಬಿಯನ್ನು ತಮ್ಮ ಸೀಟಿನ ಪಕ್ಕದಲ್ಲೇ ಇಟ್ಟುಕೊಂಡು ಬಂದು ನನ್ನ ಕೈಗೆ ಕೊಟ್ಟರು. ಅವರ ಹೆಸರನ್ನೂ ಕೇಳಿಕೊಳ್ಳಲಿಲ್ಲ, ಆ ನೋವು ನನಗಿದೆ.

ದುಡ್ಡು ಯಾರು ಕೊಡಬೇಕು ಎಂಬ ಮಾತು ಮಧ್ಯಾಹ್ನ ಬಂತು. ಏಜೆನ್ಸಿಯ ಸೂಪರ್‌ವೈಸರ್ ಫೋನಿನಲ್ಲಿ, "ಅವರ ಅಜಾಗರೂಕತೆ ಅಲ್ವಾ ಮೇಡಂ? ಪಟ್ಟಿ ಹಾಕಿ ಕಳಿಸಿ, ಎರಡು ದಿನ ರಜೆ ಕೊಡ್ತೇನೆ" ಅಂದ. ಸಂಬಳ ಇಲ್ಲದ ರಜೆ. ನನಗೆ ಕೈಕಾಲು ನಡುಗುವಷ್ಟು ಸಿಟ್ಟು ಬಂತು. ನಾವು ತಪ್ಪು ಕವರಿಗೆ ಹಾಕಿದ ಸೂಜಿ ಅವರ ಅಜಾಗರೂಕತೆ ಹೇಗಾಗುತ್ತದೆ?

ಎಚ್‌ಐವಿ ಮತ್ತು ಏಡ್ಸ್ ತಡೆ ಮತ್ತು ನಿಯಂತ್ರಣ ಕಾಯ್ದೆ 2017ರಲ್ಲಿ ಬಂತು, ಜಾರಿಯಾದದ್ದು 2018ರ ಸೆಪ್ಟೆಂಬರ್ 10ರಿಂದ. ಅದರ 19ನೇ ಕಲಮಿನಲ್ಲಿ, ಆರೋಗ್ಯ ಸೇವೆ ನೀಡುವ ಸಂಸ್ಥೆ ಅಲ್ಲಿ ಕೆಲಸ ಮಾಡುವ, ಸೋಂಕಿಗೆ ಒಡ್ಡಿಕೊಳ್ಳಬಹುದಾದ ಎಲ್ಲ ವ್ಯಕ್ತಿಗಳಿಗೂ ರಕ್ಷಣೆಯ ಸಾಮಗ್ರಿ, ತರಬೇತಿ, ಪೆಪ್ ಒದಗಿಸಬೇಕು ಎಂದಿದೆ. ಇಂಥದ್ದು ಇದೆ ಎಂದು ಅವರಿಗೆಲ್ಲ ತಿಳಿಸಿ ಹೇಳಬೇಕು ಎಂದೂ ಇದೆ. ‘ಎಲ್ಲ ವ್ಯಕ್ತಿಗಳಿಗೂ’ ಎಂಬ ಮಾತನ್ನು ನಾನು ಎರಡು ಸಲ ಓದಿದೆ. ಕಾಯಂ ನೌಕರರಿಗೆ ಅಂದಿಲ್ಲ, ನರ್ಸು ಡಾಕ್ಟರಿಗೆ ಅಂದಿಲ್ಲ. ಮೇಡಂ ಆ ಪುಟವನ್ನು ಪ್ರಿಂಟ್ ತೆಗೆದು ಆಡಳಿತದವರ ಮೇಜಿನ ಮೇಲೆ ಇಟ್ಟು ಬಂದರು. ಸಂಜೆಯೊಳಗೆ ಇಮ್ಯುನೊಗ್ಲಾಬ್ಯುಲಿನ್ ದುಡ್ಡನ್ನು ಆಸ್ಪತ್ರೆಯೇ ಕೊಟ್ಟಿತು. ಅಕ್ಕನ ರಜೆಗೆ ಸಂಬಳ ಹಿಡಿಯಲಿಲ್ಲ.

ರಿಜಿಸ್ಟರ್ ಬರೆಯಲು ಕೂತಾಗ ಇನ್ನೊಂದು ಕಂಡಿತು. ಸೂಜಿ ಚುಚ್ಚಿದ ಪ್ರಕರಣಗಳಿಗೆಂದೇ ನಮ್ಮಲ್ಲಿ ಪುಸ್ತಕ ಇದೆ. ದಿನಾಂಕ, ಗಂಟೆ, ಜಾಗ, ಯಾವ ಸೂಜಿ, ಎಷ್ಟು ಆಳ, ಗ್ಲೌಸ್ ಇತ್ತೇ, ಯಾರ ರಕ್ತ, ಏನು ಪ್ರಥಮ ಚಿಕಿತ್ಸೆ, ಹೀಗೆ ಕಾಲಂಗಳು. ಹುದ್ದೆ ಎಂಬ ಕಾಲಂ ಕೆಳಗೆ ಅಚ್ಚಾಗಿದ್ದದ್ದು ವೈದ್ಯರು, ಶುಶ್ರೂಷಕರು, ಲ್ಯಾಬ್ ಸಿಬ್ಬಂದಿ. ಹಿಂದಿನ ಪುಟಗಳನ್ನೆಲ್ಲ ತಿರುವಿದೆ. ಆಯಾಗಳ ಒಂದು ಹೆಸರೂ ಇರಲಿಲ್ಲ. ಇಷ್ಟು ವರ್ಷದಲ್ಲಿ ಕಸ ಹೊರುವ ಒಬ್ಬರಿಗೂ ಸೂಜಿ ಚುಚ್ಚಿರಲಿಲ್ಲ ಎಂದು ಆ ಪುಸ್ತಕ ಹೇಳುತ್ತಿತ್ತು. ಆ ದಿನ ಮಧ್ಯಾಹ್ನ ಉಳಿದ ಆಯಾಗಳನ್ನು ಕೂರಿಸಿಕೊಂಡು ಕಾಫಿ ಕುಡಿಯುತ್ತಾ ಕೇಳಿದೆ. ಒಬ್ಬರು ಕೈ ಚಾಚಿ ತೋರಿಸಿದರು, ಇಲ್ಲಿ ಒಂದು ಸಲ. ಇನ್ನೊಬ್ಬರು, ನನಗೆ ಎರಡು ಸಲ, ಒಂದು ಕಾಲಿಗೆ. ಅರಿಶಿನ ಹಚ್ಚಿಕೊಂಡೆವು ಅಂದರು. ಸೂಜಿ ಚುಚ್ಚಿದರೆ ಬಂದು ಹೇಳಬೇಕು ಎಂದು ಯಾರಾದರೂ ನಮಗೆ ಹೇಳಿದ್ದರಾ ಸಿಸ್ಟರ್ ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಹುದ್ದೆಯ ಕಾಲಂನಲ್ಲಿ ಪೆನ್ನಿನಿಂದ ‘ಸ್ವಚ್ಛತಾ ಸಿಬ್ಬಂದಿ’ ಎಂದು ಬರೆದೆ.

ಯಾರ ರಕ್ತ ಎಂಬ ಕಾಲಂ ಮಾತ್ರ ಪೂರ್ತಿ ತುಂಬಲಿಲ್ಲ. ಆ ರಾತ್ರಿ 22 ಗೇಜಿನ ಸೂಜಿಯಲ್ಲಿ ರಕ್ತ ತೆಗೆಸಿಕೊಂಡವರು ಮೂವರು. ಇಬ್ಬರು ಇನ್ನೂ ವಾರ್ಡಿನಲ್ಲಿದ್ದರು. ಡಾಕ್ಟರು ಹೋಗಿ ವಿಷಯ ಹೇಳಿ, ಒಪ್ಪಿಗೆ ಕೇಳಿದರು. ಒಪ್ಪಿಗೆಯಿಲ್ಲದೆ ಎಚ್‌ಐವಿ ಪರೀಕ್ಷೆ ಮಾಡುವಂತಿಲ್ಲ, ಹಾಗೆ ಮಾಡಲೂಬಾರದು. ಜೀಪಿನವರಲ್ಲಿ ಒಬ್ಬರು, "ನಮ್ಮಿಂದ ಆ ಅಮ್ಮನಿಗೆ ತೊಂದರೆ ಆಗಬಾರದು, ತೆಗೆಯಿರಿ" ಎಂದು ತಾವೇ ತೋಳು ಚಾಚಿದರು. ಇಬ್ಬರದೂ ನೆಗೆಟಿವ್ ಬಂತು. ಕತ್ತಿ ಏಟಿನವರು ಹೊಲಿಗೆ ಹಾಕಿಸಿಕೊಂಡು ಬೆಳಕು ಹರಿಯುವ ಮುಂಚೆಯೇ ಹೊರಟುಹೋಗಿದ್ದರು. ಕೊಟ್ಟ ನಂಬರಿಗೆ ಫೋನ್ ಹೋಗಲಿಲ್ಲ, ಹೇಳಿದ ತೋಟದ ಲೈನ್ ಮನೆಯಲ್ಲಿ (ಕೆಲಸದವರ ಸಾಲುಮನೆ) ವಿಚಾರಿಸಿದರೆ ಬೇರೆ ಕಡೆ ಕೆಲಸಕ್ಕೆ ಹೋದರು ಎಂದು ತಿಳಿಯಿತು. ಸೂಜಿಯನ್ನೇ ಲ್ಯಾಬಿಗೆ ಕಳಿಸಬಾರದಾ ಎಂದು ಹೊಸ ಹುಡುಗಿಯೊಬ್ಬಳು ಕೇಳಿದಳು. ಸೂಜಿಯ ಪರೀಕ್ಷೆ ನಂಬುವಂಥದ್ದಲ್ಲ, ಅದನ್ನು ಹಿಡಿದಾಡಿ ಇನ್ನೊಬ್ಬರಿಗೆ ಚುಚ್ಚುವ ಅಪಾಯ ಬೇರೆ.

ಹಾಗಾಗಿ ಅಕ್ಕ 28 ದಿನವೂ ಮಾತ್ರೆ ತೆಗೆದುಕೊಳ್ಳಬೇಕಾಯಿತು. ಮರುದಿನ ನಾನೂ ಅವರೂ ಬಸ್ಸಿನಲ್ಲಿ ಮಡಿಕೇರಿಯ ಜಿಲ್ಲಾ ಆಸ್ಪತ್ರೆಗೆ ಹೋದೆವು. ಅಲ್ಲಿ ಎಚ್‌ಐವಿ ಔಷಧಿ ಕೊಡುವ ಎಆರ್‌ಟಿ ಕೇಂದ್ರದ ಆಪ್ತ ಸಮಾಲೋಚಕಿ ಬಾಗಿಲು ಮುಚ್ಚಿಕೊಂಡು, ಮುಕ್ಕಾಲು ಗಂಟೆ ಅಕ್ಕನ ಜೊತೆ ಮಾತಾಡಿದರು. ಅಲ್ಲಿ ಕೂತಾಗ ಅಕ್ಕ ಕೇಳಿದ್ದು ಕಾಯಿಲೆಯ ಬಗ್ಗೆ ಅಲ್ಲ. "ಲೈನಿನಲ್ಲಿ ಗೊತ್ತಾದ್ರೆ ನನ್ನ ಮೊಮ್ಮಗಳನ್ನ ಯಾರೂ ಎತ್ತಿಕೊಳ್ಳೋದಿಲ್ಲ" ಅಂದರು. ಮಾತ್ರೆಯ ಬಾಟಲಿ ನೋಡಿದರೇ ಗುರುತು ಹಿಡಿಯುವವರು ಇದ್ದಾರೆ. ಮನೆಗೆ ಬಾಟಲಿ ಒಯ್ಯುವುದು ಬೇಡ ಎಂದು ತೀರ್ಮಾನಿಸಿ, ಡ್ಯೂಟಿ ದಿನ ಆಸ್ಪತ್ರೆಯಲ್ಲೇ ನನ್ನ ಲಾಕರಿನಿಂದ ಕೊಟ್ಟೆ. ರಜೆಯ ದಿನಗಳಿಗೆ ಲೆಕ್ಕ ಮಾಡಿ ಕಾಗದದಲ್ಲಿ ಮಡಚಿ ಕೊಟ್ಟೆ. ಗಂಡನಿಗೆ ಮಾತ್ರ ಹೇಳಲೇಬೇಕಿತ್ತು. ಕೊನೆಯ ಪರೀಕ್ಷೆಯ ತನಕ ಕಾಂಡೋಮ್ ಬಳಸಬೇಕು, ರಕ್ತದಾನ ಮಾಡುವಂತಿಲ್ಲ. ಅವರು ಹೇಗೆ ಹೇಳಿದರೋ ನಾನು ಕೇಳಲಿಲ್ಲ. ಮೂರನೇ ದಿನದಿಂದ ಗಂಡನೇ ಕೊಡೆ ಹಿಡಿದು ಆಸ್ಪತ್ರೆಯ ಗೇಟಿನ ತನಕ ಬಿಟ್ಟು ಹೋಗುತ್ತಿದ್ದರು.

ಮೊದಲ ವಾರ ವಾಕರಿಕೆ, ನಿದ್ದೆ ಇಲ್ಲ. ಅಕ್ಕನಿಗೆ ರಕ್ತ ಕಡಿಮೆ ಎಂದು ಕಬ್ಬಿಣದ ಮಾತ್ರೆಯೂ ನಡೆಯುತ್ತಿತ್ತು. ಡೊಲುಟೆಗ್ರಾವಿರ್ ಜೊತೆ ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆ ಖಾಲಿ ಹೊಟ್ಟೆಗೆ ಒಟ್ಟಿಗೆ ಹೋದರೆ ಔಷಧಿ ಸರಿಯಾಗಿ ಮೈಗೆ ಹಿಡಿಯುವುದಿಲ್ಲ. ಪೆಪ್ ಬೆಳಿಗ್ಗೆ, ಕಬ್ಬಿಣ ರಾತ್ರಿ ಎಂದು ಬದಲಿಸಿದೆವು. ಆಗಸ್ಟ್ 3 ಬಂತು, ಕೊಡಗಿನ ಕಕ್ಕಡ ತಿಂಗಳ 18ನೇ ದಿನ. ಹಿಂದಿನ ದಿನ ಅಕ್ಕ ಹಿಂಜರಿಯುತ್ತಾ ಕೇಳಿದರು, "ಸಿಸ್ಟರ್, ಮದ್ದು ಸೊಪ್ಪಿನ ಪಾಯಸ ಕುಡೀಬಹುದಾ?" ಆ ದಿನ ಆ ಸೊಪ್ಪಿನಲ್ಲಿ 18 ಬಗೆಯ ಔಷಧಿ ಸೇರಿರುತ್ತದೆ ಎಂದು ನಂಬುವ ನಾಡು ನಮ್ಮದು, ತಿನ್ನದೇ ಇರುವುದು ಹೇಗೆ? ಡಾಕ್ಟರನ್ನು ಕೇಳಿದೆ. ಕುಡಿಯಲಿ, ಆದರೆ ಆ ಸೊಪ್ಪಿನಿಂದ ಮೂತ್ರ ಕೆಂಪಾದರೆ ಮಾತ್ರೆಯಿಂದ ಕಿಡ್ನಿ ಹೋಯಿತು ಎಂದು ಹೆದರಿ ನಿಲ್ಲಿಸುವುದು ಬೇಡ ಅಂದರು. ಅಕ್ಕ ಮೊದಲ ಸಲ ನಕ್ಕರು. "ಅಷ್ಟು ಗೊತ್ತಿಲ್ವಾ ನಮಗೆ?" ಮರುದಿನ ಸ್ಟೀಲ್ ಡಬ್ಬಿಯಲ್ಲಿ ನನಗೂ ತಂದುಕೊಟ್ಟರು, ನೇರಳೆ ಬಣ್ಣದ್ದು, ತೆಂಗಿನಹಾಲು ಹಾಕಿದ್ದು.

ಆಗಸ್ಟ್ 14ಕ್ಕೆ ಮಾತ್ರೆ ಮುಗಿಯಿತು. ಪರೀಕ್ಷೆಗಳು ಚುಚ್ಚಿದ ಆರು ವಾರಕ್ಕೆ, ಮೂರು ತಿಂಗಳಿಗೆ, ಆರು ತಿಂಗಳಿಗೆ ಒಂದೊಂದು. ದಿನಾಂಕ ಹೇಳಿದರೆ ಮರೆಯುತ್ತೇನೆ ಎಂದು ಅಕ್ಕ ಬೇರೆ ಲೆಕ್ಕ ಇಟ್ಟುಕೊಂಡಿದ್ದರು. ಮೊದಲನೆಯದು ಕೈಲ್ ಮುಹೂರ್ತ ಹಬ್ಬಕ್ಕೆ ಮುಂಚೆ, ಎರಡನೆಯದು ತುಲಾ ಸಂಕ್ರಮಣದ ಮರುದಿನ, ಮೂರನೆಯದು ಕಾಫಿ ಕೊಯ್ಲಿನ ನಡುವೆ. ಹೆಪಟೈಟಿಸ್ ಸಿಗೆ ಲಸಿಕೆಯೂ ಇಲ್ಲ, ಮೊದಲೇ ಕೊಡುವ ಔಷಧಿಯೂ ಇಲ್ಲ, ಪರೀಕ್ಷೆ ಮಾಡುತ್ತಾ ಕಾಯಬೇಕು. ಬಂದರೂ ಈಗ ಸುಮಾರು 12 ವಾರದ ಮಾತ್ರೆಯಲ್ಲಿ ಹೆಚ್ಚಿನವರಿಗೆ ಗುಣವಾಗುತ್ತದೆ, 2018ರ ಜುಲೈನಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಅದು ಉಚಿತ. ಇದನ್ನು ಅಕ್ಕನಿಗೆ ಎಷ್ಟು ಸಲ ಹೇಳಿದೆನೋ. ನನಗೆ 2011ರಲ್ಲಿ ಹೇಳುವವರು ಯಾರೂ ಇರಲಿಲ್ಲ. ಯಾರನ್ನೂ ಎದುರಿಗೆ ಕೇಳಲು ಆಗದವರು ಕನಿಷ್ಠ 1097ಕ್ಕೆ ಫೋನ್ ಮಾಡಿ, ಅದು ಎಚ್‌ಐವಿ ವಿಚಾರದ ಉಚಿತ ಸಹಾಯವಾಣಿ.

ಮೂರೂ ಪರೀಕ್ಷೆ ನೆಗೆಟಿವ್ ಬಂದವು.

ಲಸಿಕೆಯ ಮೂರನೇ ಡೋಸ್ 2025ರ ಜನವರಿಯಲ್ಲಿ ಆಯಿತು. ಅಷ್ಟರೊಳಗೆ ಏಜೆನ್ಸಿಯ ಉಳಿದ ಒಂಬತ್ತು ಜನರಲ್ಲಿ ಏಳು ಜನಕ್ಕೆ ಎರಡು ಡೋಸ್ ಆಗಿತ್ತು. ಇನ್ನಿಬ್ಬರು ಒಂದಕ್ಕೆ ಬಂದು ಕೆಲಸ ಬಿಟ್ಟರು, ಅವರ ಜಾಗಕ್ಕೆ ಬಂದವರಿಗೆ ಮೊದಲಿಂದ ಶುರು ಮಾಡಬೇಕು. ದಪ್ಪ ಗ್ಲೌಸ್ ಬಂದಿದೆ, ಆದರೆ ಒಂದೇ ಅಳತೆ. ಸಣ್ಣ ಕೈಯವರಿಗೆ ಜಾರುತ್ತದೆ. ಬೇರೆ ಅಳತೆಗೆ ಬರೆದು ಕೊಟ್ಟು ಎರಡು ತಿಂಗಳಾಯಿತು. ಈ ವಾರ ಮತ್ತೆ ಬರೆಯುತ್ತೇನೆ.

ಲಸಿಕೆ ಹಿಡಿದಿದೆಯಾ ಎಂದು ನೋಡಲು ಮಾರ್ಚಿನಲ್ಲಿ ಅಕ್ಕನ ರಕ್ತ ಕಳಿಸಿದ್ದೆವು. ವರದಿ ಬಂದ ದಿನ ಕರೆದು ತೋರಿಸಿದೆ.

"ಹತ್ತು ಇದ್ದರೆ ಸಾಕು ಅಕ್ಕ. ನಿಮ್ಮದು ಇನ್ನೂರ ಹನ್ನೆರಡು ಇದೆ."

"ಮಾರ್ಕಾ ಸಿಸ್ಟರ್?"

"ಮಾರ್ಕೇ."

ಒಂದು ಚೀಟಿಯಲ್ಲಿ ಬರೆದುಕೊಡಿ ಅಂದರು. 212 ಎಂದು ದೊಡ್ಡದಾಗಿ ಬರೆದು, ಕೆಳಗೆ ದಿನಾಂಕ ಹಾಕಿಕೊಟ್ಟೆ. ನಾಲ್ಕಾಗಿ ಮಡಚಿ, ಸೊಂಟದ ಎಲೆಯಡಿಕೆ ಚೀಲದೊಳಗೆ ಇಟ್ಟುಕೊಂಡರು. ಆಮೇಲೆ ಡ್ರೆಸಿಂಗ್ ರೂಮಿಗೆ ಹೋಗಿ ಹಳದಿ ಕವರಿನ ಕತ್ತು ಹಿಡಿದು ತಿರುಚಿ ಕಟ್ಟಿದರು, ಮೇಲಿಂದ ಒತ್ತಲಿಲ್ಲ. ಮೈಗೆ ತಾಗದ ಹಾಗೆ ಕೈ ದೂರ ಚಾಚಿ ಹಿಡಿದುಕೊಂಡು ಹಿಂಬಾಗಿಲಿನ ಕಡೆ ಹೋದರು.